ಎಸ್‌ಎಂಪಿಎಸ್ ಹೊಸದು, ಕಂಪ್ಯೂಟರ್ ಮಾತ್ರ ಏಳುತ್ತಿಲ್ಲ

ಡೆಸ್ಕ್‌ಟಾಪ್ ಕಂಪ್ಯೂಟರಿನ ಕ್ಯಾಬಿನೆಟ್ಟಿನೊಳಗೆ ಹಿಂಬದಿಯ ಮೂಲೆಯಲ್ಲಿ ಕೂತಿರುವ ಲೋಹದ ಡಬ್ಬಿಯ ಹೆಸರು ಪವರ್ ಸಪ್ಲೈ. ರಿಪೇರಿ ಅಂಗಡಿಗಳಲ್ಲಿ ಅದು ಎಸ್‌ಎಂಪಿಎಸ್. ಗೋಡೆಯಿಂದ ಬರುವ 230 ವೋಲ್ಟ್ ಎಸಿ ಕರೆಂಟನ್ನು 12, 5 ಮತ್ತು 3.3 ವೋಲ್ಟಿನ ಡಿಸಿಯಾಗಿ ಇಳಿಸಿ ಒಳಗಿನ ಭಾಗಗಳಿಗೆಲ್ಲ ಹಂಚುವುದು ಅದರ ಕೆಲಸ. ಅದು ಕೆಟ್ಟರೆ ಬದಲಾಯಿಸುವುದು ನೋಡುವುದಕ್ಕೆ ನಾಲ್ಕು ಸ್ಕ್ರೂಗಳ ಕೆಲಸ. ಆದರೆ ಆ ನಾಲ್ಕು ಸ್ಕ್ರೂ ಬಿಚ್ಚುವ ಮೊದಲು ಮದರ್‌ಬೋರ್ಡು, ಹಾರ್ಡ್ ಡಿಸ್ಕು, ಗ್ರಾಫಿಕ್ಸ್ ಕಾರ್ಡುಗಳಿಂದ ಒಂದೊಂದೇ ಕೇಬಲ್ ಕೀಳಬೇಕು, ಆಮೇಲೆ ಎಲ್ಲವನ್ನೂ ಮತ್ತೆ ಚುಚ್ಚಬೇಕು. ಕೈ ಇಷ್ಟೆಲ್ಲ ಕಡೆ ಆಡಿದ ಮೇಲೆ ಬಟನ್ ಒತ್ತಿದಾಗ ಯಂತ್ರ ಏಳದಿದ್ದರೆ, ಮೊದಲ ಅನುಮಾನ ಹೋಗುವುದು ಹೊಸ ಡಬ್ಬಿಯ ಮೇಲೆ. ಅಂಗಡಿಯವನು ಕೆಟ್ಟ ಮಾಲು ಕೊಟ್ಟ ಎಂಬ ತೀರ್ಮಾನವೂ ಅಷ್ಟೇ ಬೇಗ ಬರುತ್ತದೆ. ನಿಜಕ್ಕೂ ಅನುಮಾನಿಸಬೇಕಾದದ್ದು ಡಬ್ಬಿಗಿಂತ ಮೊದಲು ಕೈ ಮುಟ್ಟಿದ ಜಾಗಗಳನ್ನು.

ಹುಡುಕಾಟಕ್ಕೆ ದಾರಿ ತೋರಿಸುವುದು ಕರೆಂಟು ನಡೆಯುವ ಕ್ರಮ. ಗೋಡೆಯ ಸ್ವಿಚ್ ಹಾಕಿದ ಕೂಡಲೇ, ಕಂಪ್ಯೂಟರ್ ಇನ್ನೂ ಮಲಗಿರುವಾಗಲೇ, ಎಸ್‌ಎಂಪಿಎಸ್ ತನ್ನ ನೇರಳೆ ತಂತಿಯಲ್ಲಿ 5 ವೋಲ್ಟ್ ಕಳುಹಿಸುತ್ತಿರುತ್ತದೆ. ಈ ಸ್ಟ್ಯಾಂಡ್‌ಬೈ ಕರೆಂಟಿನ ಬಲದಿಂದ ಮದರ್‌ಬೋರ್ಡು ಬಟನ್ನಿಗಾಗಿ ಕಾದು ಕೂತಿರುತ್ತದೆ. ಬಟನ್ ಒತ್ತಿದಾಗ ಬೋರ್ಡು ಹಸಿರು ತಂತಿಯನ್ನು ಗ್ರೌಂಡಿಗೆ ಎಳೆಯುತ್ತದೆ. ಎಸ್‌ಎಂಪಿಎಸ್‌ಗೆ ಅದೇ ಅಪ್ಪಣೆ. ಆಗ ಹಳದಿ ತಂತಿಯಲ್ಲಿ 12, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3 ವೋಲ್ಟ್ ಏರುತ್ತವೆ. ಅವು ನೆಲೆನಿಂತ ಮೇಲೆ, ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಅರ್ಧ ಸೆಕೆಂಡಿನೊಳಗೆ, ಬೂದು ತಂತಿಯಲ್ಲಿ 'ಎಲ್ಲ ಸರಿಯಾಗಿದೆ' ಎಂಬ ಸಂಕೇತ ಹೊರಡುತ್ತದೆ. ಅದು ಮುಟ್ಟಿದ ಮೇಲೆಯೇ ಪ್ರೊಸೆಸರ್ ಕಣ್ಣು ಬಿಡುವುದು. ನಂತರ ರ್‍ಯಾಮ್, ಗ್ರಾಫಿಕ್ಸ್, ಕೊನೆಗೆ ಡಿಸ್ಕಿನ ಸರದಿ. ಈಗಿನ ಎಷ್ಟೋ ಎಸ್‌ಎಂಪಿಎಸ್‌ಗಳಲ್ಲಿ ತಂತಿಗಳೆಲ್ಲ ಕಪ್ಪು ಬಣ್ಣಕ್ಕೆ ತಿರುಗಿ ಈ ರಂಗು ಮಾಯವಾಗಿದೆ, ಆದರೆ 24 ಪಿನ್ನಿನ ಕನೆಕ್ಟರಿನಲ್ಲಿ ಯಾವ ಪಿನ್ ಎಲ್ಲಿ ಎಂಬುದು ಬದಲಾಗಿಲ್ಲ. ಇಂಟೆಲ್ 1995ರಲ್ಲಿ ರೂಪಿಸಿದ ಎಟಿಎಕ್ಸ್ ಮಾದರಿಯ ಕಟ್ಟುಪಾಡು ಅದು. ಯಂತ್ರ ಈ ಮೆಟ್ಟಿಲುಗಳಲ್ಲಿ ಯಾವುದರ ಮೇಲೆ ನಿಂತಿತು ಎಂದು ಗುರುತಿಸಿದರೆ ಅರ್ಧ ಕೆಲಸ ಮುಗಿದಂತೆ.

ಮುಚ್ಚಳ ತೆಗೆಯುವ ಮೊದಲು ಪ್ಲಗ್ ಕಿತ್ತು, ಮುಂಭಾಗದ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಉಳಿದ ಕರೆಂಟು ಇಳಿದುಹೋಗುತ್ತದೆ. ಎಸ್‌ಎಂಪಿಎಸ್‌ನ ಹೊರಗೆ 12 ವೋಲ್ಟಿಗಿಂತ ಹೆಚ್ಚಿನದೇನೂ ಇಲ್ಲದ ಕಾರಣ ಮೈಗೆ ಅಪಾಯವಿಲ್ಲ. ಡಬ್ಬಿಯ ಒಳಗಿನ ಮಾತು ಬೇರೆ. ಅಲ್ಲಿನ ದಪ್ಪ ಕೆಪ್ಯಾಸಿಟರಿನಲ್ಲಿ 325 ವೋಲ್ಟಿನಿಂದ 400 ವೋಲ್ಟಿನ ಹತ್ತಿರದವರೆಗೆ ಡಿಸಿ ತುಂಬಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಆ ಡಬ್ಬಿಯನ್ನು ಮನೆಯಲ್ಲಿ ಬಿಚ್ಚಬಾರದು.

ಬಟನ್ ಒತ್ತಿದರೆ ಫ್ಯಾನೂ ಇಲ್ಲ, ದೀಪವೂ ಇಲ್ಲ ಎಂದಾದರೆ ಗೋಡೆಯಿಂದಲೇ ಶುರು ಮಾಡಬೇಕು. ಎಸ್‌ಎಂಪಿಎಸ್‌ನ ಬೆನ್ನ ಮೇಲೆ ಪುಟ್ಟದೊಂದು ಸ್ವಿಚ್ ಇರುತ್ತದೆ, ಒಂದು ಕಡೆ ಗೀಟು, ಇನ್ನೊಂದು ಕಡೆ ಸೊನ್ನೆ. ಗೀಟಿನ ಕಡೆ ಒತ್ತಿದ್ದರೆ ಆನ್. ಹಳೆಯ ಡಬ್ಬಿಗೆ ಈ ಸ್ವಿಚ್ಚೇ ಇಲ್ಲದಿದ್ದವರಿಗೆ ಹೊಸದರಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಕೆಲವು ಅಗ್ಗದ ಇಲ್ಲವೇ ಹಳೆಯ ಮಾದರಿಗಳಲ್ಲಿ ಇನ್ನೊಂದು ಕೆಂಪು ಸ್ವಿಚ್ ಕೂಡ ಇರುತ್ತದೆ, 115 ಮತ್ತು 230 ಎಂದು ಬರೆದದ್ದು. ಅಮೆರಿಕದಂಥ ದೇಶಗಳ ಕಡಿಮೆ ವೋಲ್ಟೇಜಿಗಾಗಿ 115ರ ಕಡೆ ಸರಿಸಿದಾಗ ಒಳಗಿನ ಸರ್ಕ್ಯೂಟು ಬಂದ ವೋಲ್ಟೇಜನ್ನು ಇಮ್ಮಡಿ ಮಾಡಿಕೊಳ್ಳುತ್ತದೆ. ಆ ಸ್ಥಿತಿಯಲ್ಲಿ ನಮ್ಮ 230 ವೋಲ್ಟ್ ಕೊಟ್ಟರೆ ತಲಾ 200 ವೋಲ್ಟ್ ತಾಳುವ ಎರಡು ಕೆಪ್ಯಾಸಿಟರುಗಳ ಮೇಲೆ ಒಟ್ಟು 650 ವೋಲ್ಟಿನಷ್ಟು ಬೀಳುತ್ತದೆ. ಪಟಾಕಿಯಂಥ ಸದ್ದು, ಸುಟ್ಟ ವಾಸನೆ, ಅಲ್ಲಿಗೆ ಕತೆ ಮುಗಿಯಿತು. 100ರಿಂದ 240 ವೋಲ್ಟಿನವರೆಗೆ ತಾನೇ ಹೊಂದಿಕೊಳ್ಳುವ ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಆ ಸ್ವಿಚ್ಚೂ ಇಲ್ಲ, ಆ ಭಯವೂ ಇಲ್ಲ.

ಅನೇಕ ಮದರ್‌ಬೋರ್ಡುಗಳಲ್ಲಿ ಸ್ಟ್ಯಾಂಡ್‌ಬೈ ಕರೆಂಟು ಬಂದದ್ದನ್ನು ತೋರಿಸುವ ಸಣ್ಣ ದೀಪವಿದೆ. ಅದು ಹೊತ್ತಿದ್ದೂ ಬಟನ್ನಿಗೆ ಉತ್ತರವಿಲ್ಲವಾದರೆ, ಬಟನ್ನಿನಿಂದ ಬೋರ್ಡಿಗೆ ಹೋಗುವ ಎರಡೆಳೆಯ ತಂತಿ ಕೇಬಲ್ ಎಳೆದಾಡುವಾಗ ಕಳಚಿರಬಹುದು. ಪಿನ್ನುಗಳ ನಕ್ಷೆ ಬೋರ್ಡಿನ ಕೈಪಿಡಿಯಲ್ಲಿರುತ್ತದೆ. ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಸೇರಿಸಿದಾಗ ಯಂತ್ರ ಎದ್ದರೆ ತಪ್ಪು ಬಟನ್ನಿನದು ಇಲ್ಲವೇ ಅದರ ತಂತಿಯದು.

ಆಗಲೂ ಏಳದಿದ್ದರೆ ಎಸ್‌ಎಂಪಿಎಸ್ಸನ್ನು ಒಂಟಿಯಾಗಿ ಪರೀಕ್ಷಿಸುವ ಹಳೆಯ ಉಪಾಯವೊಂದಿದೆ, ಪೇಪರ್ ಕ್ಲಿಪ್ ಪರೀಕ್ಷೆ. ಪ್ಲಗ್ ತೆಗೆದು, ಕಂಪ್ಯೂಟರಿನ ಯಾವ ಭಾಗಕ್ಕೂ ಕೇಬಲ್ ಇಲ್ಲದಂತೆ ಎಲ್ಲವನ್ನೂ ಬಿಡಿಸಬೇಕು. 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ತಂತಿ ಒಂದೇ ಒಂದು, ಅದರ ಎರಡೂ ಮಗ್ಗುಲಲ್ಲಿ ಕಪ್ಪು ತಂತಿ. ಕ್ಲಿಪ್ಪನ್ನು ಯು ಆಕಾರಕ್ಕೆ ಬಗ್ಗಿಸಿ ಒಂದು ತುದಿಯನ್ನು ಹಸಿರಿಗೂ ಇನ್ನೊಂದನ್ನು ಪಕ್ಕದ ಕಪ್ಪಿಗೂ ಆಳವಾಗಿ ತೂರಿಸಿ, ಕೈ ತೆಗೆದು, ಆಮೇಲೆ ಪ್ಲಗ್ ಚುಚ್ಚಿ ಗೋಡೆಯ ಸ್ವಿಚ್ ಹಾಕಿದರೆ ಮದರ್‌ಬೋರ್ಡು ಕೊಡುತ್ತಿದ್ದ ಅಪ್ಪಣೆಯನ್ನು ಕ್ಲಿಪ್ಪೇ ಕೊಟ್ಟಂತಾಗುತ್ತದೆ. ಫ್ಯಾನ್ ತಿರುಗಿದರೆ ಡಬ್ಬಿಗೆ ಜೀವವಿದೆ ಎಂದರ್ಥ. ತಿರುಗದಿದ್ದರೆ ಸತ್ತಿದೆ ಎಂದಲ್ಲ: ಹೊರೆ ಕಡಿಮೆಯಿರುವಾಗ ಫ್ಯಾನನ್ನು ನಿಲ್ಲಿಸಿಯೇ ಇಡುವ ಮಾದರಿಗಳು ಈಗ ಬೇಕಾದಷ್ಟಿವೆ. ಅದನ್ನು ತಿಳಿಯದೆ ಒಳ್ಳೆಯ ಎಸ್‌ಎಂಪಿಎಸ್ಸನ್ನು ಅಂಗಡಿಗೆ ವಾಪಸು ಹೊತ್ತವರೂ ಉಂಟು. ಮಲ್ಟಿಮೀಟರ್ ಇದ್ದರೆ ಈ ಅನುಮಾನಕ್ಕೆ ಎಡೆಯೇ ಇಲ್ಲ. ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ಕಪ್ಪು ಕಡ್ಡಿಯನ್ನು ಕಪ್ಪು ತಂತಿಗೆ, ಕೆಂಪು ಕಡ್ಡಿಯನ್ನು ಹಳದಿಗೆ ತಾಗಿಸಿದರೆ 11.4ರಿಂದ 12.6ರೊಳಗೆ ಅಂಕಿ ಕಾಣಬೇಕು. ಕೆಂಪು ತಂತಿಗೆ 4.75ರಿಂದ 5.25, ಕಿತ್ತಳೆಗೆ 3.14ರಿಂದ 3.46. ಇವು ಎಟಿಎಕ್ಸ್ ಒಪ್ಪುವ ಶೇಕಡಾ 5ರ ಏರಿಳಿತದ ಗಡಿಗಳು. ಆದರೆ ಹೊರೆಯಿಲ್ಲದಾಗ 12 ತೋರಿಸುವ ಡಬ್ಬಿ ಹೊರೆ ಬಿದ್ದಾಗ ಕುಸಿಯಬಹುದು. ಸತ್ತದ್ದನ್ನು ಹಿಡಿಯಲು ಈ ಪರೀಕ್ಷೆ ಸಾಕು, ಸೊರಗಿದ್ದನ್ನು ಹಿಡಿಯಲು ಸಾಲದು.

ಇನ್ನೊಂದು ಬಗೆಯ ಲಕ್ಷಣ ಹೆಚ್ಚು ಮಾತಾಡುತ್ತದೆ. ಬಟನ್ ಒತ್ತಿದಾಗ ಫ್ಯಾನುಗಳು ಕಾಲು ಸುತ್ತು ಅಲುಗಿ ನಿಂತುಬಿಡುತ್ತವೆ. ಮತ್ತೆ ಒತ್ತಿದರೆ ಅದೂ ಇಲ್ಲ. ಗೋಡೆಯ ಸ್ವಿಚ್ ಆರಿಸಿ ಅರ್ಧ ನಿಮಿಷ ಬಿಟ್ಟು ಹಾಕಿದರೆ ಮತ್ತೊಮ್ಮೆ ಅದೇ ಕಾಲು ಸುತ್ತು. ಎಲ್ಲೋ ಶಾರ್ಟ್ ಆಗಿದೆ ಎಂದು ಎಸ್‌ಎಂಪಿಎಸ್ ತಾನಾಗಿಯೇ ಬಾಗಿಲು ಹಾಕಿಕೊಳ್ಳುವ ರೀತಿ ಇದು. ಡಬ್ಬಿ ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ. ಕಳಚುವಾಗ ಕೈಜಾರಿದ ಸ್ಕ್ರೂ ಮದರ್‌ಬೋರ್ಡಿನ ಅಡಿಗೆ ಹೋಗಿ ಸಿಕ್ಕಿಕೊಂಡಿರಬಹುದು. ಕ್ಯಾಬಿನೆಟ್ಟನ್ನು ಮೆಲ್ಲಗೆ ಓರೆ ಮಾಡಿ ಕಿವಿಗೊಟ್ಟರೆ ಅದು ಉರುಳುವ ಸದ್ದು ಕೇಳಿಸುವುದುಂಟು. ಸ್ಕ್ರೂ ಸಿಗದಿದ್ದರೆ ಡಿಸ್ಕು, ಗ್ರಾಫಿಕ್ಸ್ ಕಾರ್ಡು, ಮುಂಭಾಗದ ಯುಎಸ್‌ಬಿ ತಂತಿ ಎಲ್ಲವನ್ನೂ ಬಿಡಿಸಿ, ಬೋರ್ಡು, ಪ್ರೊಸೆಸರ್, ಒಂದೇ ರ್‍ಯಾಮ್ ಉಳಿಸಿಕೊಂಡು ನೋಡುವುದು ವಾಡಿಕೆ. ಆಗ ಎದ್ದರೆ ತೆಗೆದವುಗಳನ್ನು ಒಂದೊಂದಾಗಿ ಸೇರಿಸುತ್ತ ಹೋಗಬೇಕು. ಯಾವುದನ್ನು ಸೇರಿಸಿದಾಗ ಮತ್ತೆ ನಿಂತಿತೋ ಅದೇ ಕಳ್ಳ.

ಈ ಹಂತದಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಹಳೆಯ ಕೇಬಲ್‌ಗಳನ್ನೇ ಹೊಸ ಡಬ್ಬಿಗೆ ಚುಚ್ಚಲಾಗಿದೆಯೇ? ಮಾಡ್ಯುಲರ್ ಎಂಬ ಜಾತಿಯ ಎಸ್‌ಎಂಪಿಎಸ್‌ಗಳಲ್ಲಿ ಕೇಬಲ್‌ಗಳು ಎರಡೂ ತುದಿಯಲ್ಲಿ ಬಿಚ್ಚಿ ಬರುತ್ತವೆ. ಹಳೆಯ ಕೇಬಲ್‌ಗಳನ್ನು ಕ್ಯಾಬಿನೆಟ್ಟಿನ ಹಿಂದೆ ಅಚ್ಚುಕಟ್ಟಾಗಿ ಕಟ್ಟಿದ್ದರೆ, ಅವನ್ನು ಹಾಗೇ ಬಿಟ್ಟು ಡಬ್ಬಿಯನ್ನಷ್ಟೇ ಬದಲಿಸುವ ಆಸೆ ಸಹಜ. ಇಡೀ ಕೆಲಸದಲ್ಲಿ ಇದಕ್ಕಿಂತ ದುಬಾರಿ ತಪ್ಪು ಇನ್ನೊಂದಿಲ್ಲ. ಕಂಪ್ಯೂಟರಿನ ಕಡೆಯ ತುದಿಗೆ ನಿಯಮವಿದೆ, ಡಬ್ಬಿಯ ಕಡೆಯ ತುದಿಗೆ ಯಾವ ನಿಯಮವೂ ಇಲ್ಲ. ಒಬ್ಬ ತಯಾರಕ 12 ವೋಲ್ಟ್ ಇಟ್ಟ ಪಿನ್ನಿನಲ್ಲಿ ಇನ್ನೊಬ್ಬ 5 ವೋಲ್ಟ್ ಇಟ್ಟಿರಬಹುದು. ಒಂದೇ ಬ್ರ್ಯಾಂಡಿನ ಎರಡು ಸರಣಿಗಳ ನಡುವೆಯೂ ಈ ವ್ಯತ್ಯಾಸ ಇರುವುದುಂಟು. ಪ್ಲಾಸ್ಟಿಕ್ ಆಕಾರ ಒಂದೇ ಆದ್ದರಿಂದ ಕೇಬಲ್ ಸಲೀಸಾಗಿ ಕೂರುತ್ತದೆ. ಬಟನ್ ಒತ್ತಿದ ಕ್ಷಣ ಹಾರ್ಡ್ ಡಿಸ್ಕಿನ 5 ವೋಲ್ಟಿನ ದಾರಿಗೆ 12 ವೋಲ್ಟ್ ನುಗ್ಗಿ ಅದರ ಸರ್ಕ್ಯೂಟ್ ಸುಡುತ್ತದೆ, ಅದರೊಳಗಿನ ಹತ್ತು ವರ್ಷದ ಫೋಟೋಗಳೂ ಕೈಗೆ ಸಿಗದಂತಾಗುತ್ತವೆ. ಹಳೆಯ ಡಬ್ಬಿ ಹೊರಹೋಗುವಾಗ ಅದರ ಕೇಬಲ್‌ಗಳೂ ಜೊತೆಯಲ್ಲೇ ಹೋಗಬೇಕು.

ಕಂಪನಿಯವರೇ ಜೋಡಿಸಿ ಮಾರುವ ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳಲ್ಲಿ ತೊಡಕು ಬೇರೆ ರೀತಿಯದು. ಡೆಲ್, ಎಚ್‌ಪಿ, ಲೆನೊವೊಗಳ ಎಷ್ಟೋ ಕಚೇರಿ ಮಾದರಿಗಳು 24 ಪಿನ್ನಿನ ಬದಲು ತಮ್ಮದೇ ಆದ ಚಿಕ್ಕ ಕನೆಕ್ಟರ್ ಬಳಸುತ್ತವೆ, ಡಬ್ಬಿಯ ಅಳತೆಯೂ ಬೇರೆಯಿರುತ್ತದೆ. ಅಂಥವಕ್ಕೆ ಮಾರುಕಟ್ಟೆಯ ಸಾಮಾನ್ಯ ಎಸ್‌ಎಂಪಿಎಸ್ ನೇರವಾಗಿ ಕೂರುವುದಿಲ್ಲ. ಆ ಮಾದರಿಯ ಡಬ್ಬಿಯೋ ಅದಕ್ಕೆಂದೇ ಮಾಡಿದ ಅಡಾಪ್ಟರ್ ಕೇಬಲ್ಲೋ ಬೇಕು.

ಫ್ಯಾನುಗಳೆಲ್ಲ ಭರ್ರನೆ ತಿರುಗುತ್ತಿವೆ, ಪರದೆ ಮಾತ್ರ ಕಪ್ಪು. ಎಸ್‌ಎಂಪಿಎಸ್ ಬದಲಿಸಿದ ಮೇಲೆ ಕಾಣುವ ದೂರುಗಳಲ್ಲಿ ಇದು ತೀರ ಸಾಮಾನ್ಯ, ಕಾರಣವೂ ಅಷ್ಟೇ ಸರಳ: ಪ್ರೊಸೆಸರಿನ ಕನೆಕ್ಟರ್ ಮರೆತುಹೋಗಿದೆ. 24 ಪಿನ್ನಿನ ದೊಡ್ಡ ಕನೆಕ್ಟರ್ ಇಡೀ ಬೋರ್ಡಿಗೆ ಸಾಕು ಎಂದು ತೋರಿದರೂ, ಪೆಂಟಿಯಂ 4ರ ಕಾಲದಿಂದ ಪ್ರೊಸೆಸರಿಗೆ ಪ್ರತ್ಯೇಕವಾಗಿ 12 ವೋಲ್ಟ್ ಒಯ್ಯುವ 4 ಪಿನ್ನಿನ, ಈಗ ಹೆಚ್ಚಾಗಿ 8 ಪಿನ್ನಿನ, ಕನೆಕ್ಟರ್ ಬೇಕೇ ಬೇಕು. ಅದರ ಜಾಗ ಬೋರ್ಡಿನ ಮೇಲಿನ ಎಡ ಮೂಲೆಯಲ್ಲಿ, ಫ್ಯಾನಿನ ಮರೆಯಲ್ಲಿ, ಬೆರಳು ಹೋಗದ ಕಡೆ. ಇಲ್ಲಿ ಮೋಸಹೋಗುವ ಸಂದರ್ಭವೂ ಉಂಟು. 24 ಪಿನ್ನಿನ ಕನೆಕ್ಟರನ್ನು ಹಳೆಯ ಬೋರ್ಡುಗಳಿಗೂ ಹೊಂದಲೆಂದು 20 ಮತ್ತು 4 ಎಂದು ಎರಡು ತುಂಡಾಗಿ ಮಾಡಿರುತ್ತಾರೆ. ಆ 4 ಪಿನ್ನಿನ ತುಂಡು ನೋಡುವುದಕ್ಕೆ ಪ್ರೊಸೆಸರ್ ಕನೆಕ್ಟರಿನ ತದ್ರೂಪಿ. ಅದರಲ್ಲಿ ಹರಿಯುವುದು 3.3, 5, 12 ವೋಲ್ಟುಗಳ ಬೆರಕೆ. ಒತ್ತಾಯದಿಂದ ಅದನ್ನು ಮೇಲಿನ ಮೂಲೆಗೆ ತುರುಕಲು ಹೋದರೆ ಪ್ಲಾಸ್ಟಿಕ್ ತಡೆಯುತ್ತದೆ. ತಡೆದಾಗ ಬಲ ಹಾಕದೆ ಬೇರೆ ಕೇಬಲ್ ಹುಡುಕಬೇಕು. ಅದರ ಮೇಲೆ ಹೆಚ್ಚಾಗಿ ಸಿಪಿಯು ಎಂದು ಅಚ್ಚಾಗಿರುತ್ತದೆ. ಪಿಸಿಐಇ ಎಂದು ಅಚ್ಚಾಗಿರುವ, 6 ಮತ್ತು 2 ಎಂದು ಸೀಳಿದ ಕನೆಕ್ಟರ್ ಗ್ರಾಫಿಕ್ಸ್ ಕಾರ್ಡಿನದು.

ಗ್ರಾಫಿಕ್ಸ್ ಕಾರ್ಡಿಗೆ ಅದರ ಸ್ಲಾಟ್ ಕೊಡುವುದು 75 ವ್ಯಾಟ್ ಮಾತ್ರ. 6 ಪಿನ್ನಿನ ಕೇಬಲ್ ಇನ್ನೂ 75, 8 ಪಿನ್ನಿನದು 150 ವ್ಯಾಟ್ ಸೇರಿಸುತ್ತದೆ. ಕಾರ್ಡಿನ ನೆತ್ತಿಯಲ್ಲಿ ಸಾಕೆಟ್ ಇದ್ದೂ ಅದು ಖಾಲಿ ಉಳಿದಿದ್ದರೆ ಪರದೆ ಏಳದು, ಎದ್ದರೂ ಕೇಬಲ್ ಹಾಕಿ ಎಂಬ ಎಚ್ಚರಿಕೆ ತೋರಿಸಿ ನಿಲ್ಲುತ್ತದೆ. 2022ರ ನಂತರದ ದೊಡ್ಡ ಕಾರ್ಡುಗಳಲ್ಲಿ 600 ವ್ಯಾಟಿನವರೆಗೆ ಒಯ್ಯುವ 16 ಪಿನ್ನಿನ ಪುಟ್ಟ ಕನೆಕ್ಟರ್ ಬಂದಿದೆ. ಅದು ಕೂದಲೆಳೆಯಷ್ಟೂ ಸಂದಿಲ್ಲದಂತೆ ಪೂರ್ತಿ ಕೂರಬೇಕು, ಅರೆಬರೆ ಕೂತದ್ದು ಕಾದು ಕರಗಿದ ಪ್ರಕರಣಗಳು ಆ ವರ್ಷವೇ ಸುದ್ದಿಯಾಗಿದ್ದವು. ಮಾನಿಟರಿನ ಕೇಬಲ್ ಕಾರ್ಡಿಗೆ ಬದಲು ಮದರ್‌ಬೋರ್ಡಿನ ಕಿಂಡಿಗೆ ಹೋಗಿದೆಯೇ ಎಂದೂ ನೋಡಬೇಕು. ಕೈ ತಾಗಿ ಸಡಿಲವಾದ ರ್‍ಯಾಮನ್ನು ತೆಗೆದು, ಎರಡೂ ತುದಿಯ ಕೊಂಡಿ ಟಕ್ಕೆನ್ನುವಂತೆ ಮತ್ತೆ ಒತ್ತಿ ಕೂರಿಸಿದರೆ ಎಷ್ಟೋ ಕಪ್ಪು ಪರದೆಗಳು ಬೆಳಗುತ್ತವೆ. ಈಚಿನ ಬೋರ್ಡುಗಳ ಅಂಚಿನಲ್ಲಿ ಸಿಪಿಯು, ಡಿರ್‍ಯಾಮ್, ವಿಜಿಎ, ಬೂಟ್ ಎಂಬ ನಾಲ್ಕು ಸಣ್ಣ ದೀಪಗಳಿದ್ದರೆ, ಹೊತ್ತಿ ಆರದೆ ಉಳಿದದ್ದೇ ಸಿಕ್ಕಿಬಿದ್ದ ಜಾಗ.

ಪರದೆ ಬಂದಿತು, ಆದರೆ ವಿಂಡೋಸ್ ಬರಲಿಲ್ಲ, ದಿನಾಂಕ ಯಾವುದೋ ಹಳೆಯ ವರ್ಷದ ಜನವರಿ 1ಕ್ಕೆ ಹೋಗಿದೆ. ಹೊಸ ಎಸ್‌ಎಂಪಿಎಸ್‌ಗೂ ಗಡಿಯಾರಕ್ಕೂ ಏನು ಸಂಬಂಧ? ಸಂಬಂಧ ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ 3 ವೋಲ್ಟಿನ ಬ್ಯಾಟರಿಯಲ್ಲಿದೆ. ಪ್ಲಗ್ ಗೋಡೆಯಲ್ಲಿ ಇರುವವರೆಗೆ ಗಡಿಯಾರವನ್ನೂ ಬಯೋಸ್ ಸೆಟ್ಟಿಂಗನ್ನೂ ಸ್ಟ್ಯಾಂಡ್‌ಬೈ ಕರೆಂಟೇ ಸಾಕುತ್ತಿರುತ್ತದೆ. ಬ್ಯಾಟರಿ ಯಾವಾಗಲೋ ಖಾಲಿಯಾಗಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಡಬ್ಬಿ ಬದಲಿಸಲು ಪ್ಲಗ್ ಕಿತ್ತಾಗ ಅದು ಬಯಲಾಗುತ್ತದೆ. ಸೆಟ್ಟಿಂಗ್ ಅಳಿಸಿಹೋಗಿ, ಡಿಸ್ಕನ್ನು ಯಾವ ಬಗೆಯಲ್ಲಿ ಓದಬೇಕು, ಯಾವುದರಿಂದ ಮೊದಲು ಬೂಟ್ ಆಗಬೇಕು ಎಂಬುದೆಲ್ಲ ಕಾರ್ಖಾನೆಯ ಸ್ಥಿತಿಗೆ ಮರಳಿರುತ್ತದೆ. ವಿಂಡೋಸ್ ನೀಲಿ ಪರದೆ ತೋರಿಸುವುದು ಅದಕ್ಕೇ. ಸಿಆರ್ 2032 ಎಂಬ ಗುರುತಿನ ಆ ಬ್ಯಾಟರಿ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ಹಾಕಿ ಬಯೋಸ್‌ನಲ್ಲಿ ಹಳೆಯ ಸೆಟ್ಟಿಂಗ್ ಮರಳಿಸಿದರೆ ಸರಿಹೋಗುತ್ತದೆ. ಬಿಟ್‌ಲಾಕರ್ ಬೀಗ ಹಾಕಿದ ಡಿಸ್ಕಾದರೆ ಈ ಬದಲಾವಣೆ ಕಂಡು 48 ಅಂಕಿಗಳ ರಿಕವರಿ ಕೀ ಕೇಳಬಹುದು.

ಬಯೋಸ್‌ಗೆ ಡಿಸ್ಕೇ ಕಾಣಿಸದಿದ್ದರೆ ಅದರ ಎರಡು ಕೇಬಲ್‌ಗಳಲ್ಲಿ ಒಂದು ಕಳಚಿರುತ್ತದೆ, ಬಹುಮಟ್ಟಿಗೆ ಚಪ್ಪಟೆಯಾದ ಡೇಟಾ ಕೇಬಲ್. ಅಪರೂಪಕ್ಕೆ ವಿಚಿತ್ರವೊಂದು ಎದುರಾಗುತ್ತದೆ: ಹಳೆಯ ಡಬ್ಬಿಯಲ್ಲಿ ನಡೆಯುತ್ತಿದ್ದ ದೊಡ್ಡ ಹಾರ್ಡ್ ಡಿಸ್ಕು ಹೊಸದರಲ್ಲಿ ತಿರುಗುವುದೇ ಇಲ್ಲ. ಕೆಲವು ಡಿಸ್ಕುಗಳು, ಅದರಲ್ಲೂ ಸರ್ವರ್ ವರ್ಗದವು, ಪವರ್ ಕನೆಕ್ಟರಿನ ಮೂರನೇ ಪಿನ್ನಿನಲ್ಲಿ 3.3 ವೋಲ್ಟ್ ಕಂಡರೆ ಅದನ್ನು ಮಲಗು ಎಂಬ ಆಜ್ಞೆಯೆಂದು ಓದುತ್ತವೆ. ಹಳೆಯ ಕೇಬಲ್ಲಿನಲ್ಲಿ ಆ ತಂತಿ ಇಲ್ಲದ್ದರಿಂದ ಡಿಸ್ಕು ನಡೆಯುತ್ತಿತ್ತು.

ಎಲ್ಲ ಸರಿಯಾಗಿ ಎದ್ದು, ಆಟ ಆಡುವಾಗಲೋ ವಿಡಿಯೋ ಎಡಿಟ್ ಮಾಡುವಾಗಲೋ ತಟ್ಟನೆ ಆರಿ ಮತ್ತೆ ಶುರುವಾಗುವುದು ಕೊನೆಯ ಬಗೆ. ವಿಂಡೋಸ್‌ನ ಇವೆಂಟ್ ವ್ಯೂಯರಿನಲ್ಲಿ ಇದಕ್ಕೆ ಕರ್ನಲ್ ಪವರ್ 41 ಎಂಬ ನಮೂದು ಸಿಗುತ್ತದೆ. ಅದು ಹೇಳುವುದು ಯಂತ್ರ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂಬುದನ್ನಷ್ಟೇ, ಏಕೆ ಎಂಬುದನ್ನಲ್ಲ. ಈಗ ಡಬ್ಬಿಯ ಮೇಲಿನ ಚೀಟಿ ಓದಬೇಕು. ದೊಡ್ಡಕ್ಷರದಲ್ಲಿ 500 ಎಂದು ಬರೆದಿದ್ದರೂ ನೋಡಬೇಕಾದದ್ದು 12 ವೋಲ್ಟಿನ ಎದುರು ಬರೆದ ಆಂಪಿಯರ್. ಅಲ್ಲಿ 18 ಎಂದಿದ್ದರೆ 12 ಗುಣಿಸು 18, ಅಂದರೆ 216 ವ್ಯಾಟ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡು ಬದುಕುವುದು ಈ 216ರ ಮೇಲೆ, ಆ 500ರ ಮೇಲಲ್ಲ. ಹೊರೆ ಹಾಕಿದಾಗ ಹಳದಿ ತಂತಿ 11.4ಕ್ಕಿಂತ ಕೆಳಗಿಳಿದರೆ ಡಬ್ಬಿ ಸೋತಿದೆ ಎಂದೇ ಅರ್ಥ. ಈ ಅಳತೆಯನ್ನು ಮೀಟರಿನಲ್ಲೇ ಮಾಡಬೇಕು. ಸಾಫ್ಟ್‌ವೇರುಗಳು ತೋರಿಸುವ ವೋಲ್ಟೇಜನ್ನು ಅಷ್ಟಾಗಿ ನಂಬುವಂತಿಲ್ಲ.

ಕರೆಂಟು ಹೋದಾಗ ಮಾತ್ರ ಯಂತ್ರ ಆರುವುದಾದರೆ ನೋಟ ಯುಪಿಎಸ್ ಕಡೆಗೆ ತಿರುಗಬೇಕು. ಮನೆಗಳಲ್ಲಿರುವ 600 ವಿಎ ಯುಪಿಎಸ್ ಕೊಡಬಲ್ಲದ್ದು ಸಾಮಾನ್ಯವಾಗಿ 360 ವ್ಯಾಟ್. ಅದೂ ನುಣುಪಾದ ಅಲೆಯಲ್ಲ, ಮೆಟ್ಟಿಲು ಮೆಟ್ಟಿಲಾದ ಅಲೆ. ಕರೆಂಟು ಎಳೆಯುವ ರೀತಿಯನ್ನು ತಿದ್ದುವ ಆಕ್ಟಿವ್ ಪಿಎಫ್‌ಸಿ ಎಂಬ ಸರ್ಕ್ಯೂಟ್ ಇರುವ ಹೊಸ ಎಸ್‌ಎಂಪಿಎಸ್‌ಗಳಲ್ಲಿ ಕೆಲವು ಆ ಅಲೆಗೆ ಒಗ್ಗದೆ ಬೀಳುತ್ತವೆ, ಕೆಲವು ಸಲ ಯುಪಿಎಸ್ಸೇ ಓವರ್‌ಲೋಡ್ ಎಂದು ಕಿರುಚಿ ಕೈಚೆಲ್ಲುತ್ತದೆ. ಅಗ್ಗದ ಹಳೆಯ ಡಬ್ಬಿಗೆ ಈ ತಕರಾರು ಇರಲಿಲ್ಲ.

ಅಗ್ಗದ್ದಕ್ಕೆ ಇರದ ಇನ್ನೊಂದು ತಕರಾರು, ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವುದು. ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ ವಿದ್ಯುತ್ ಗದ್ದಲವನ್ನು ಸೋಸುವ ಸಣ್ಣ ಕೆಪ್ಯಾಸಿಟರುಗಳಿರುತ್ತವೆ, ಅವು ಕಿಂಚಿತ್ ಕರೆಂಟನ್ನು ಅರ್ತಿಂಗಿಗೆ ಬಿಡುತ್ತಿರುತ್ತವೆ. ಗೋಡೆಯಲ್ಲಿ ಅರ್ತಿಂಗ್ ಇಲ್ಲದಿದ್ದರೆ, ಇಲ್ಲವೇ ಎರಡು ಪಿನ್ನಿನ ಅಡಾಪ್ಟರಿನಿಂದ ಅದನ್ನು ತಪ್ಪಿಸಿದ್ದರೆ, ಆ ಕರೆಂಟು ಕ್ಯಾಬಿನೆಟ್ಟಿನ ಲೋಹದಲ್ಲೇ ನಿಂತು ಸುಮಾರು 115 ವೋಲ್ಟ್ ತೋರಿಸುತ್ತದೆ. ಸೋಸುವ ಭಾಗವನ್ನೇ ಉಳಿತಾಯ ಮಾಡಿದ ಡಬ್ಬಿಯಲ್ಲಿ ಈ ಜುಮ್ಮು ಇರುವುದಿಲ್ಲ. ಹೀಗಾಗಿ ಬೈಗುಳ ಸಿಗುವುದು ಒಳ್ಳೆಯದಕ್ಕೆ. ಕರೆಸಬೇಕಾದದ್ದು ಎಲೆಕ್ಟ್ರಿಷಿಯನ್ನನ್ನು.

ಇಷ್ಟೆಲ್ಲ ದಾಟಿಯೂ ಬೋರ್ಡು, ಪ್ರೊಸೆಸರ್, ಒಂದು ರ್‍ಯಾಮ್ ಮಾತ್ರ ಉಳಿಸಿಕೊಂಡ ಯಂತ್ರ ಏಳದಿದ್ದರೆ, ಅದೇ ಎಸ್‌ಎಂಪಿಎಸ್ಸನ್ನು ಕಡಿಮೆ ಬೆಲೆಯ ಬೇರೊಂದು ಕಂಪ್ಯೂಟರಿಗೆ ಹಾಕಿ ನೋಡುವುದೊಂದೇ ದಾರಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಮೇಜಿನ ಮೇಲೆ ತೆರೆದಿಟ್ಟ ಬೋರ್ಡೊಂದಕ್ಕೆ ಚುಚ್ಚಿ ಐದು ನಿಮಿಷದಲ್ಲಿ ಹೇಳುತ್ತಾರೆ. ಅಲ್ಲಿ ಅದು ಎದ್ದರೆ, ಹಳೆಯ ಎಸ್‌ಎಂಪಿಎಸ್ ಸಾಯುವಾಗ ಮದರ್‌ಬೋರ್ಡನ್ನೂ ಜೊತೆಗೆ ಒಯ್ದಿರಬಹುದು. ಪ್ರೊಸೆಸರಿನ ಸುತ್ತ ನಿಂತಿರುವ ಕೆಪ್ಯಾಸಿಟರುಗಳ ನೆತ್ತಿ ಉಬ್ಬಿದ್ದರೆ, ಸೋರಿ ಕಂದು ಕಲೆ ಕಟ್ಟಿದ್ದರೆ, ಆ ಬೋರ್ಡಿಗೆ ಯಾವ ಹೊಸ ಡಬ್ಬಿ ಚುಚ್ಚಿದರೂ ಫ್ಯಾನು ಅದೇ ಕಾಲು ಸುತ್ತು ಅಲುಗಿ ನಿಲ್ಲಬಹುದು.